‘ಓದಲಾಯಿತು’ ಎಂದರೆ ಓದಿದವರು ಯಾರು?

ನಮ್ಮ ಊರಿನ ಸಣ್ಣ ಸಾಹಿತ್ಯ ಸಂಘಕ್ಕೆ ನಾನು ಹನ್ನೊಂದು ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಕೆಂಪು ಬಟ್ಟೆಯ ಬೆನ್ನಿನ ಮೂರು ನಡಾವಳಿ ಪುಸ್ತಕಗಳು ಈ ಅವಧಿಯಲ್ಲಿ ನನ್ನ ಕೈಬರಹದಿಂದಲೇ ತುಂಬಿವೆ. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು, ಜಮಾಖರ್ಚನ್ನು ಮಂಡಿಸಲಾಯಿತು, ಬಂದ ಪತ್ರಗಳನ್ನು ಸಭೆಯ ಅವಗಾಹನೆಗೆ ತರಲಾಯಿತು ಎಂಬ ವಾಕ್ಯಗಳು ಆ ಪುಸ್ತಕಗಳಲ್ಲಿ ಎಷ್ಟು ಸಲ ಬಂದಿವೆಯೋ ಲೆಕ್ಕವಿಲ್ಲ. ನಡಾವಳಿಗೆ ಈ ಕರ್ಮಣಿ ಪ್ರಯೋಗವೇ ಒಗ್ಗುತ್ತದೆ ಎಂದು ನನಗೆ ಹಿರಿಯರು ಕಲಿಸಿದ್ದರು. ಸಂಘದ ಕೆಲಸ ವ್ಯಕ್ತಿಯ ಕೆಲಸವಾಗಿ ಕಾಣಬಾರದು ಎಂಬುದು ಅದರ ಹಿಂದಿನ ಒಳ್ಳೆಯ ಉದ್ದೇಶ.

ಎರಡನೆಯ ಪುಸ್ತಕದ ಒಂದು ಪುಟ ಮಾತ್ರ ಈಚೆಗೆ ನನ್ನನ್ನು ಕಾಡುತ್ತಿದೆ. ಹತ್ತಿರದ ಹಳ್ಳಿಯೊಂದರ ಕೆರೆ ಏರಿಯ ಮೇಲಿರುವ ವೀರಗಲ್ಲನ್ನು ನೋಡಲು ಸಂಘದ ಏಳು ಮಂದಿ ಹೋಗಿದ್ದೆವು. ಕಲ್ಲಿನ ಪಟ್ಟಿಕೆಯ ಮೇಲಿನ ಅಕ್ಷರಗಳು ಪಾಚಿಯ ಕೆಳಗೆ ಮುಚ್ಚಿಹೋಗಿದ್ದವು. ಪಕ್ಕದ ಹೊಲದಲ್ಲಿದ್ದ ಮುದುಕಿಯೊಬ್ಬರು ನಮ್ಮ ಪರದಾಟ ನೋಡಿ ಬಂದು, ಒಣಹುಲ್ಲನ್ನು ಸಿಂಬೆಯಂತೆ ಸುತ್ತಿ, ಕೆರೆಯ ನೀರು ಹಾಕಿ ತಿಕ್ಕಿ, ಕಲ್ಲು ಆರಿದ ಮೇಲೆ ಒಲೆಯ ಬೂದಿಯನ್ನು ಅಂಗೈಯಿಂದ ತೆಳ್ಳಗೆ ಸವರಿದರು. ಅಕ್ಷರದ ಗೆರೆಗಳಲ್ಲಿ ಬೂದಿ ಕೂತು ಸಾಲುಗಳು ಒಂದೊಂದಾಗಿ ಎದ್ದು ಬಂದವು. ತಮ್ಮ ಅತ್ತೆ ವರ್ಷಕ್ಕೊಮ್ಮೆ ಪೂಜೆಗೆ ಮುಂಚೆ ಹೀಗೆಯೇ ಮಾಡುತ್ತಿದ್ದರು ಎಂದು ಅವರು ಹೇಳಿದರು. ಆ ತಿಂಗಳ ನಡಾವಳಿಯಲ್ಲಿ ನಾನು ಬರೆದದ್ದು ಇಷ್ಟೇ: ‘ವೀರಗಲ್ಲನ್ನು ವೀಕ್ಷಿಸಿ ಶಾಸನಪಾಠವನ್ನು ಪ್ರತಿ ಮಾಡಿಕೊಳ್ಳಲಾಯಿತು.’ ಅಂದು ಉಪನ್ಯಾಸ ನೀಡಿದವರ ಹೆಸರಿದೆ, ವಾಹನದ ಬಾಡಿಗೆ ಇದೆ, ಕಲ್ಲನ್ನು ಓದುವಂತೆ ಮಾಡಿದವರ ಸುಳಿವೇ ಇಲ್ಲ.

ಈ ಪುಟ ನನಗೆ ಮತ್ತೆ ನೆನಪಾದದ್ದು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಹಳೆಯ ಸಂಪುಟಗಳನ್ನೂ ಸಭೆಗಳ ವರದಿಗಳನ್ನೂ ಓದುತ್ತಿದ್ದಾಗ. ಏಷ್ಯಾದ ಭಾಷೆ, ಚರಿತ್ರೆ, ಶಾಸನ, ಧರ್ಮಗಳ ಅಧ್ಯಯನಕ್ಕೆಂದೇ ಹುಟ್ಟಿದ ಸಂಸ್ಥೆಗಳಲ್ಲಿ ಅದು ಬಹಳ ಹಳೆಯದು. 1784ರ ಜನವರಿ 15ರಂದು ಸುಪ್ರೀಂ ಕೋರ್ಟಿನ ಗ್ರ್ಯಾಂಡ್ ಜ್ಯೂರಿ ಕೊಠಡಿಯಲ್ಲಿ 30 ಮಂದಿ ಯುರೋಪಿಯನ್ನರು ಸೇರಿದರು. ಸರ್ ರಾಬರ್ಟ್ ಚೇಂಬರ್ಸ್ ಅಧ್ಯಕ್ಷತೆ ವಹಿಸಿದರು. ಆ ಕೋರ್ಟಿನ ನ್ಯಾಯಾಧೀಶರೇ ಆಗಿದ್ದ ಸರ್ ವಿಲಿಯಂ ಜೋನ್ಸ್ ಸಂಸ್ಥೆಯ ಉದ್ದೇಶವನ್ನು ವಿವರಿಸಿದರು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಅಧ್ಯಕ್ಷ ಪದವಿಯನ್ನು ಒಪ್ಪಿಕೊಳ್ಳದಿದ್ದುದರಿಂದ ಅದು ಜೋನ್ಸರ ಪಾಲಿಗೆ ಬಂತು. 1808ರಲ್ಲಿ ಸೊಸೈಟಿ ಪಾರ್ಕ್ ಸ್ಟ್ರೀಟಿನ ಸ್ವಂತ ಕಟ್ಟಡಕ್ಕೆ ಸೇರಿತು, ಇಂದಿಗೂ ಅಲ್ಲೇ ಇದೆ. ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳುತ್ತದೆ. ಜೋನ್ಸರ ಆರಂಭದ ಭಾಷಣದಲ್ಲಿ ಬಂದುಹೋಗುವ ಇನ್ನೊಂದು ಸಣ್ಣ ಮಾತನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಇಲ್ಲಿನ ವಿದ್ವಾಂಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ನೀವು ಮುಂದೆ ತೀರ್ಮಾನಿಸುವಿರಿ ಎಂದು ಅವರು ಸಭೆಗೆ ಹೇಳಿದ್ದರು. ಆ ತೀರ್ಮಾನಕ್ಕೆ ಹಿಡಿದದ್ದು 45 ವರ್ಷ. ಸಂಸ್ಕೃತ ವಿದ್ವಾಂಸರಾದ ಎಚ್. ಎಚ್. ವಿಲ್ಸನ್ ಅವರ ಮುತುವರ್ಜಿಯಿಂದ 1829ರಲ್ಲಿ ಮೊದಲ ಬಾರಿಗೆ ದ್ವಾರಕಾನಾಥ ಟಾಗೋರ್, ರಾಮಕಮಲ ಸೇನ್ ಮೊದಲಾದವರು ಸದಸ್ಯರಾದರು. ಭಾರತೀಯರೊಬ್ಬರು, ರಾಜೇಂದ್ರಲಾಲ ಮಿತ್ರರು, ಅಧ್ಯಕ್ಷರಾಗಲು 1885ರವರೆಗೆ ಕಾಯಬೇಕಾಯಿತು.

ಸದಸ್ಯರಲ್ಲದವರ ವಿದ್ಯೆ ಮಾತ್ರ ಮೊದಲ ದಿನದಿಂದಲೇ ಆ ಸಭೆಗಳಲ್ಲಿತ್ತು. 1788ರಲ್ಲಿ ಅಚ್ಚಾದ, ಸೊಸೈಟಿಯ ಲೇಖನಮಾಲೆ ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲೇ ಅಲಿ ಇಬ್ರಾಹಿಂ ಖಾನರು ದಿವ್ಯಪರೀಕ್ಷೆಯನ್ನು ಕುರಿತು ಬರೆದ ಲೇಖನವಿದೆ. ಕನ್ನಡಿಗರಾದ ನಮಗೆ ಹೆಚ್ಚು ಹತ್ತಿರವಾದದ್ದು 1807ರ ಒಂಬತ್ತನೆಯ ಸಂಪುಟ. ಅದರಲ್ಲಿ ಜೈನರನ್ನು ಕುರಿತ ವಿವರಣೆಯೊಂದಿದೆ. ಮುದ್ಗೇರಿ ಎಂದು ಅಚ್ಚಾಗಿರುವ ಊರಿನ ಜೈನ ಪುರೋಹಿತರೊಬ್ಬರಿಂದ ಸಂಗ್ರಹಿಸಿದ್ದು, ಮೇಜರ್ ಮೆಕೆಂಜಿಗಾಗಿ ಕಾವಲಿ ಬೋರಯ್ಯ ಅನುವಾದಿಸಿದ್ದು ಎಂದು ಅದರ ತಲೆಬರಹದಲ್ಲಿಯೇ ಇದೆ. ಶ್ರವಣಬೆಳಗೊಳದ ಮಠಾಧಿಪತಿಗಳು ತಿಳಿಸಿದ ಐತಿಹ್ಯವೂ ಅಲ್ಲೇ ಸೇರಿದೆ. ಅದೇ ಸಂಪುಟದಲ್ಲಿ ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ ಅವರು ಸಂಸ್ಕೃತ ಶಾಸನಗಳನ್ನು ಕುರಿತು ಬರೆದ ದೀರ್ಘ ಲೇಖನವಿದ್ದು, ಚಿತ್ರದುರ್ಗದ ತಾಮ್ರಪಟಗಳೂ ಕುರುಗೋಡಿನ ಕಲ್ಲೂ ಅದರಲ್ಲಿ ಚರ್ಚೆಗೆ ಬಂದಿವೆ. ಅವನ್ನು ಕಲ್ಕತ್ತೆಗೆ ಮುಟ್ಟಿಸಿದವರೂ ಮೆಕೆಂಜಿಯವರೇ. ಕಲ್ಕತ್ತೆಯಲ್ಲಿ ಅಚ್ಚಾದ ಪುಸ್ತಕದಲ್ಲಿ ಬೆಳಗೊಳದ ಹೆಸರು ಕಂಡಾಗ ನನಗಾದ ಸಂತೋಷ ಸಣ್ಣದಲ್ಲ; ‘ಅನುವಾದಿಸಿದವರು’ ಎಂಬಲ್ಲಿ ಒಬ್ಬ ಮನುಷ್ಯನ ಹೆಸರು ಕಂಡದ್ದು ಅದಕ್ಕಿಂತ ದೊಡ್ಡ ಸಂತೋಷ.

ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು. ಟಿಪ್ಪು ಸುಲ್ತಾನರ ಮರಣದ ನಂತರ ಮೈಸೂರು ಸೀಮೆಯ ಸರ್ವೇ ಕೆಲಸ ಅವರ ಪಾಲಿಗೆ ಬಂತು, 1810ರವರೆಗೂ ನಡೆಯಿತು. ನೆಲ ಅಳೆಯುವ ಕೆಲಸದ ಜೊತೆಗೇ ಅವರ ಸಹಾಯಕರು ಊರೂರಿನ ಶಾನುಭೋಗರಿಂದ, ಮಠಗಳಿಂದ, ಪಾಳೆಯಗಾರರ ಮನೆಗಳಿಂದ ಕೈಫಿಯತ್ತುಗಳನ್ನು, ಎಂದರೆ ಊರು ಮನೆತನಗಳ ಚರಿತ್ರೆ ಐತಿಹ್ಯಗಳ ಬರಹಗಳನ್ನು, ಬರೆಸಿ ತಂದರು, ಶಾಸನಗಳನ್ನು ಪ್ರತಿ ಮಾಡಿದರು. ಮೆಕೆಂಜಿಯವರಿಗೆ ಕನ್ನಡವಾಗಲಿ ತೆಲುಗಾಗಲಿ ಸಂಸ್ಕೃತವಾಗಲಿ ಬರುತ್ತಿರಲಿಲ್ಲ. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. 1817ರ ಫೆಬ್ರವರಿ 1ರಂದು ಅವರು ಸರ್ ಅಲೆಗ್ಸಾಂಡರ್ ಜಾನ್‌ಸ್ಟನ್ನರಿಗೆ ಬರೆದ ಪತ್ರ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1834ರಲ್ಲಿ ಅಚ್ಚಾಯಿತು. ಭಾಷೆಗಳ ತಿಳಿವಳಿಕೆಯೇ ಇಲ್ಲದ ತನಗೆ ಭಾರತೀಯ ಜ್ಞಾನದ ಹೆಬ್ಬಾಗಿಲನ್ನು ತೋರಿಸಿದವರು ಬೋರಯ್ಯ ಎಂಬ ಬ್ರಾಹ್ಮಣ ತರುಣ, ಇಷ್ಟು ಕಾಲ ತಾನು ಅರಸಿದ್ದು ದೊರೆತದ್ದು ಆತನ ಪ್ರತಿಭೆಯಿಂದ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಹದಿನಾಲ್ಕು ವರ್ಷಗಳ ಹಿಂದೆ, 1803ರಲ್ಲಿ, ತೀರಿಕೊಂಡಿದ್ದ ಸಹಾಯಕನನ್ನು ಕುರಿತು ಒಬ್ಬ ಅಧಿಕಾರಿ ಹೀಗೆ ಬರೆದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅದೇ ಪತ್ರದಲ್ಲಿ ಮೆಕೆಂಜಿಯವರು ತಮ್ಮ ಶೋಧನೆಯ ಫಲಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಜೈನಧರ್ಮ ಬೌದ್ಧಧರ್ಮದಿಂದ ಬೇರೆಯಾದದ್ದು ಎಂಬುದು ತಿಳಿದುಬಂದದ್ದು, ಶಾಸನಗಳ ಸ್ವರೂಪ ಮತ್ತು ಉಪಯೋಗ ಗೊತ್ತಾದದ್ದು, ವೀರಗಲ್ಲು ಮಾಸ್ತಿಗಲ್ಲುಗಳ ಅರ್ಥ ತಿಳಿದದ್ದು ಎಲ್ಲವೂ ಆ ಪಟ್ಟಿಯಲ್ಲಿವೆ. ‘ವೀರಕಲ್’, ‘ಮಾಸ್ತಿಕಲ್’ ಎಂಬ ಕನ್ನಡದ ಮಾತುಗಳನ್ನೇ ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಬಳಸಿದ್ದಾರೆ. ಈ ತಿಳಿವಳಿಕೆ ಅವರಿಗೆ ಬಂದದ್ದು ಬೋರಯ್ಯನವರಿಂದ, ಅವರ ತಮ್ಮಂದಿರಿಂದ, ಚಾಮರಾಜನಗರದ ಹತ್ತಿರದ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರಿಂದ. ಹಳಗನ್ನಡದ ಶಾಸನಗಳನ್ನು ಓದಬಲ್ಲವರಾಗಿದ್ದ ಧರ್ಮಯ್ಯನವರು ಆ ತಂಡದಲ್ಲಿ ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ಕಲ್ಲುಗಳು ಮೆಕೆಂಜಿಯವರ ಪಾಲಿಗೆ ಬರಿಯ ಕಲ್ಲುಗಳಾಗಿಯೇ ಉಳಿಯುತ್ತಿದ್ದವು. ಥಾಮಸ್ ಹಿಕಿ ಎಂಬ ಚಿತ್ರಕಾರ 1816ರಲ್ಲಿ ಬರೆದ ಮೆಕೆಂಜಿಯವರ ಚಿತ್ರವನ್ನು ನೋಡಿದವರಿಗೆ ಇದು ನೆನಪಿರುತ್ತದೆ: ಕೆಂಪು ಸಮವಸ್ತ್ರದ ಅಧಿಕಾರಿಯ ಸುತ್ತ ಮೂವರು ಭಾರತೀಯರು, ಒಬ್ಬರ ಕೈಯಲ್ಲಿ ದೂರದರ್ಶಕ, ಇನ್ನೊಬ್ಬರ ಕೈಯಲ್ಲಿ ಓಲೆಗರಿ, ದೂರದ ಬೆಟ್ಟದ ಮೇಲೆ ಕಿರುಬೆರಳಿನಷ್ಟು ಎತ್ತರದ ಗೊಮ್ಮಟ.

ಈ ತಂಡದವರು ಹಳ್ಳಿಗಳಲ್ಲಿ ಕಂಡ ದಾಖಲೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂದಿನ ನಮ್ಮ ಶಾನುಭೋಗರು, ಮಠದ ಪಾರುಪತ್ಯಗಾರರು ಲೆಕ್ಕಪತ್ರಗಳನ್ನು ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟರೆ ಕಡತ ಸಿದ್ಧವಾಗುತ್ತಿತ್ತು. ಅದರ ಕಪ್ಪು ಮೈಮೇಲೆ ಬಳಪದಿಂದ ಬಿಳಿ ಅಕ್ಷರ ಬರೆಯುತ್ತಿದ್ದರು. ಬೇಡವೆಂದರೆ ಒರೆಸಬಹುದಾಗಿದ್ದ ಆ ಬರಹ, ಜೋಪಾನ ಮಾಡಿದರೆ ತಲೆಮಾರುಗಳ ಕಾಲ ಉಳಿಯುತ್ತಿತ್ತು. ಇಂದು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುವಾಗ ಆ ಕಪ್ಪು ಬಟ್ಟೆಯ ಪುಸ್ತಕವನ್ನೇ ನಾವು ಹೆಸರಿಸುತ್ತಿದ್ದೇವೆ. ಕೈಫಿಯತ್ತುಗಳ ಬಹುಪಾಲು ಮಾಹಿತಿ ಇಂಥ ಕಡತಗಳನ್ನೂ ಅವನ್ನು ಕಾಪಾಡಿದ್ದವರ ನೆನಪನ್ನೂ ಆಧರಿಸಿದ್ದು. ದೊಡ್ಡ ಸಂಸ್ಥೆಯ ದಾಖಲೆಗಳ ಕೆಳಗೆ ಹೀಗೆ ಇನ್ನೊಂದು ಪದರದ ದಾಖಲೆಗಳಿವೆ, ಅವುಗಳ ಒಡೆಯರು ಯಾವ ಸೊಸೈಟಿಗೂ ಸೇರಿದವರಲ್ಲ.

1821ರ ಮೇ 8ರಂದು ಮೆಕೆಂಜಿಯವರು ತೀರಿಕೊಂಡ ಮೇಲೆ ಈ ಸಂಗ್ರಹವನ್ನು ಕಂಪನಿ ಸರ್ಕಾರ ಕೊಂಡಿತು. ವಿಲ್ಸನ್ ಅವರು 1828ರಲ್ಲಿ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 8,076 ಶಾಸನಗಳ ಪ್ರತಿಗಳೂ 2,630 ಚಿತ್ರಗಳೂ 6,218 ನಾಣ್ಯಗಳೂ ಇದ್ದವು. ಬೋರಯ್ಯನವರ ನಂತರ ಸುಮಾರು ಎರಡು ದಶಕ ಈ ಕೆಲಸದ ನೊಗ ಹೊತ್ತವರು ಅವರ ತಮ್ಮ ಕಾವಲಿ ವೆಂಕಟ ಲಕ್ಷ್ಮಯ್ಯ. ಅರ್ಧಕ್ಕೆ ನಿಂತ ಶೋಧನೆಯನ್ನು ಮುಂದುವರಿಸಲು ತಮಗೆ ಅವಕಾಶ ಕೊಡಬೇಕೆಂದು ಅವರು ಯೋಜನೆಯೊಂದನ್ನು ಸಲ್ಲಿಸಿದರು. ಅದು ಅಭಿಪ್ರಾಯಕ್ಕಾಗಿ ಕಲ್ಕತ್ತೆಯ ಸೊಸೈಟಿಯ ಮುಂದೆ ಬಂತು. ಆಗ ಅದರ ಕಾರ್ಯದರ್ಶಿಯಾಗಿದ್ದವರು ಜೇಮ್ಸ್ ಪ್ರಿನ್ಸೆಪ್. 1836ರಲ್ಲಿ ಸೊಸೈಟಿಯ ಪ್ರಬಂಧ ಸಮಿತಿ ಕೊಟ್ಟ ವರದಿ ಸಂಸ್ಥೆಯ ಪತ್ರಿಕೆಯಲ್ಲೇ ಇದೆ. ಲಕ್ಷ್ಮಯ್ಯನವರು ಸಲ್ಲಿಸಿದ ಸಾರಸಂಗ್ರಹವನ್ನು ನೋಡಿದರೆ ಅವರ ಯೋಗ್ಯತೆ ಇಂಥ ಕೆಲಸಕ್ಕೆ ಸಾಲದು, ಯಾವ ದೇಶೀಯನ ಯೋಗ್ಯತೆಯೂ ಸಾಲದು, ಸಹಾಯಕರಾಗಿ ಇಂಥವರು ಉಪಯೋಗಕ್ಕೆ ಬಂದಾರು ಎಂಬುದು ಅದರ ತಾತ್ಪರ್ಯ. ಬಿಡಿ ಸಂಗತಿಗಳಿಂದ ಸಾಮಾನ್ಯ ತತ್ತ್ವಗಳನ್ನು ಕಟ್ಟಬಲ್ಲ ಒಬ್ಬ ಯಜಮಾನನ ಬುದ್ಧಿ ಮೇಲಿರಬೇಕು ಎಂದೂ ಸಮಿತಿ ಹೇಳಿತು. ಆ ಹಸ್ತಪ್ರತಿಗಳನ್ನು ಪರಿಶೀಲಿಸುವ ಕೆಲಸ ಮುಂದೆ ಮದರಾಸಿನ ಪಾದ್ರಿ ವಿಲಿಯಂ ಟೇಲರ್ ಅವರಿಗೆ ಹೋಯಿತು.

ಆ ವರದಿಯನ್ನು ನಾನು ಹಲವು ಸಲ ಓದಿದ್ದೇನೆ. ಒಬ್ಬರ ಬರಹ ಸಾಲದು ಎನ್ನುವುದು ಒಂದು ತೀರ್ಪು. ಅದನ್ನು ಒಪ್ಪಬಹುದು, ಬಿಡಬಹುದು. ‘ಯಾವ ದೇಶೀಯನದೂ’ ಎಂದು ಸೇರಿಸಿದ ಕ್ಷಣಕ್ಕೆ ಅದು ತೀರ್ಪಾಗಿ ಉಳಿಯುವುದಿಲ್ಲ, ಏಕೆಂದರೆ ಇನ್ನೂ ಬರೆಯದವರನ್ನೂ ಹುಟ್ಟದವರನ್ನೂ ಅದು ಓದದೆಯೇ ತಳ್ಳಿಹಾಕುತ್ತದೆ. ನನಗೆ ಹೆಚ್ಚು ನೋವಾಗುವುದು ಇದನ್ನು ಹೊರಡಿಸಿದ ಸಂಸ್ಥೆಯ ಕಾರ್ಯದರ್ಶಿ ಸಾಮಾನ್ಯರಲ್ಲ ಎಂಬ ಕಾರಣಕ್ಕೆ. ಮರುವರ್ಷವೇ, 1837ರಲ್ಲಿ, ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ದಿಲ್ಲಿಯ ಸ್ತಂಭದ ಬರಹವನ್ನು ಓದಿದರು. ಆ ಕೆಲಸದಲ್ಲಿ ಕಮಲಾಕಾಂತ ವಿದ್ಯಾಲಂಕಾರ ಎಂಬ ಪಂಡಿತರ, ರತ್ನಪಾಲ ಎಂಬ ಸಿಂಹಳದ ವಿದ್ವಾಂಸರ ನೆರವನ್ನು ಅವರೇ ಸ್ಮರಿಸಿದ್ದಾರೆ. ಅವರ ಉಪಕಾರಸ್ಮರಣೆಯಲ್ಲಿ ನನಗೆ ಸಂಶಯವಿಲ್ಲ, ಆದರೆ ಅದೇ ಉಪಕಾರಿಗಳು ಮೇಜಿನ ಈಚೆ ಬದಿಗೆ ಬಂದು ಕುಳಿತುಕೊಳ್ಳುತ್ತೇವೆ ಎಂದಾಗ ಸಮಿತಿಯ ಮಾತು ಬದಲಾಯಿತು.

ವಿದ್ವತ್ತನ್ನು ಪರೀಕ್ಷಿಸುವ ಬಗೆ ಆ ವಲಯಕ್ಕೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ 1823ರಲ್ಲಿ ಕೋಲ್‌ಬ್ರೂಕ್ ಮುಂದಾಳುತನದಲ್ಲಿ ಹುಟ್ಟಿತು. ಮರುವರ್ಷ ನಾಲ್ಕನೆಯ ಜಾರ್ಜ್ ದೊರೆಯ ಸನ್ನದು ಪಡೆಯಿತು. ಅದರ ಲಾಂಛನ ಆಲದ ಮರ, ಎಷ್ಟು ಕೊಂಬೆಗಳೋ ಅಷ್ಟು ಮರಗಳು ಎಂಬುದು ಅದರ ಧ್ಯೇಯವಾಕ್ಯ. ಬಿಳಲು ಬಿಟ್ಟು ಹಬ್ಬುವ ಆಲವನ್ನು ಕಂಡವರಿಗೆ ಇದಕ್ಕೆ ವಿವರಣೆ ಬೇಡ. 1857ರಲ್ಲಿ ಕ್ಯೂನಿಫಾರ್ಮ್ ಎಂಬ ಮೊಳೆಯಾಕಾರದ ಲಿಪಿಯನ್ನು ನಿಜವಾಗಿ ಓದಲು ಬರುತ್ತದೆಯೇ ಎಂಬ ಸಂಶಯ ಎದ್ದಾಗ, ಛಾಯಾಗ್ರಹಣದ ಆದ್ಯರಲ್ಲಿ ಒಬ್ಬರಾದ ಫಾಕ್ಸ್ ಟಾಲ್ಬಟ್ ಅವರು ಅಸ್ಸೀರಿಯಾದ ದೊರೆ ತಿಗ್ಲತ್ ಪಿಲೇಸರನ ಶಾಸನವೊಂದನ್ನು ತಾವೇ ಅನುವಾದಿಸಿ, ಲಕೋಟೆಗೆ ಮುದ್ರೆ ಹಾಕಿ ಈ ಸೊಸೈಟಿಗೆ ಕಳಿಸಿದರು. ಸೊಸೈಟಿ ರಾಲಿನ್‌ಸನ್, ಹಿಂಕ್ಸ್, ಆಪರ್ಟ್ ಎಂಬ ಇನ್ನೂ ಮೂವರಿಂದ ಅದೇ ಪಾಠದ ಅನುವಾದವನ್ನು ಮುದ್ರೆ ಹಾಕಿಸಿಯೇ ತರಿಸಿಕೊಂಡಿತು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮಿಲ್ಮನ್, ಗ್ರೋಟ್, ವಿಲ್ಸನ್ ಮೊದಲಾದ ಪರೀಕ್ಷಕರು ಮೇ ತಿಂಗಳಲ್ಲಿ ಲಕೋಟೆಗಳನ್ನು ಒಡೆದು ಸಾಲು ಸಾಲಾಗಿ ತಾಳೆ ನೋಡಿದರು; ಮುಖ್ಯಾಂಶಗಳಲ್ಲಿ ನಾಲ್ಕೂ ಹೊಂದಿಕೊಂಡವು. ನಾಲ್ಕು ಪಾಠಗಳೂ ಪರೀಕ್ಷಕರ ಅಭಿಪ್ರಾಯವೂ ಒಟ್ಟಿಗೆ ಅಚ್ಚಾದವು.

ಪರೀಕ್ಷಕರ ಪಟ್ಟಿಯಲ್ಲಿ ಮೆಕೆಂಜಿ ಸಂಗ್ರಹದ ಸೂಚಿಯನ್ನು ಸಿದ್ಧಪಡಿಸಿದ ಅದೇ ವಿಲ್ಸನ್ ಅವರನ್ನು ಕಂಡಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1836ರ ಹೊತ್ತಿಗೆ ಅವರು ಕಲ್ಕತ್ತೆಯಲ್ಲಿರಲಿಲ್ಲ, ಆಕ್ಸ್‌ಫರ್ಡಿಗೆ ಪ್ರಾಧ್ಯಾಪಕರಾಗಿ ಹೋಗಿದ್ದರು. ಆ ವರದಿಯ ಹೊಣೆ ಅವರದಲ್ಲ. ಸಂಸ್ಥೆಗಳೂ ಬೇರೆ, ಕಾಲವೂ ಬೇರೆ ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೂ ಒಂದು ಹಳಗನ್ನಡ ಶಾಸನವನ್ನು ಲಕ್ಷ್ಮಯ್ಯನವರಿಗೂ ಧರ್ಮಯ್ಯನವರಂಥ ಪಂಡಿತರಿಗೂ ಯಾರಾದರೊಬ್ಬ ಯುರೋಪಿಯನ್ ವಿದ್ವಾಂಸರಿಗೂ ಬೇರೆ ಬೇರೆ ಕೊಟ್ಟು, ಮುದ್ರೆ ಹಾಕಿಸಿ ತರಿಸಿಕೊಂಡು ಒಡೆದು ನೋಡಿದ್ದರೆ ಸಮಿತಿಯ ವರದಿ ಏನು ಹೇಳುತ್ತಿತ್ತು ಎಂಬ ಪ್ರಶ್ನೆಯನ್ನು ಬಿಡಲು ನನ್ನಿಂದ ಆಗುತ್ತಿಲ್ಲ.

ಲಂಡನ್ನಿನ ಆ ಸೊಸೈಟಿಯ ದಾಖಲೆಗಳಲ್ಲಿ ನಮಗೆ ನೇರವಾಗಿ ಸೇರಬೇಕಾದ ಇನ್ನೊಂದು ವಸ್ತುವಿದೆ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. ಬಿಡುಗಡೆಯಾದ ಮೇಲೆ ಅವರು ಧಾರವಾಡ ಸೀಮೆಯಲ್ಲೇ ಉಳಿದು, ಸುತ್ತಲಿನ ಕನ್ನಡ ನಾಡಿನಿಂದ 595 ಶಾಸನಗಳ ಪ್ರತಿಗಳನ್ನು ಮಾಡಿಸಿದರು. ಅವುಗಳ ಆಧಾರದ ಮೇಲೆ ಚಾಲುಕ್ಯ ಮೊದಲಾದ ಅರಸುಮನೆತನಗಳ ಚರಿತ್ರೆಯನ್ನು ಜೋಡಿಸಿ ಅವರು ಬರೆದ ಲೇಖನ 1837ರ ಹೊತ್ತಿಗೆ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಕರ್ಣಾಟಕ ದೇಶದ ಶಾಸನಗಳು ಎಂಬ ಹೆಸರಿನ ಆ ಕೈಬರಹದ ಸಂಪುಟಗಳ ಒಂದು ಪ್ರತಿ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಸೇರಿತು. ಮುಂದೆ ಶಾಸನತಜ್ಞ ಫ್ಲೀಟ್ ಅವರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದಾಗ ಎಷ್ಟೋ ಕಡೆ ಆ ಪ್ರತಿಯ ಪುಟಸಂಖ್ಯೆಯನ್ನೇ ಆಧಾರವಾಗಿ ಕೊಟ್ಟರು. 595 ಕಲ್ಲುಗಳ ಮುಂದೆ ಕುಳಿತು ಅಕ್ಷರ ಅಕ್ಷರವಾಗಿ ಬರೆದುಕೊಂಡ ಕೈಗಳು ಕನ್ನಡ ಬಲ್ಲವರ ಕೈಗಳೇ ಆಗಿರಬೇಕು. ಅವರ ಮುಂದೆಯೂ ಪಾಚಿ ಹಿಡಿದ ಕಲ್ಲುಗಳಿದ್ದಿರಬೇಕು, ಹುಲ್ಲಿನ ಸಿಂಬೆ ಹಿಡಿದು ಬಂದವರು ಇದ್ದಿರಬೇಕು.

ಮೆಕೆಂಜಿಯವರ ಸಂಗ್ರಹ ಇಂದು ಹಂಚಿಹೋಗಿದೆ. ಚಿತ್ರಗಳು ಮತ್ತು ಇಂಗ್ಲಿಷ್ ಅನುವಾದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಕನ್ನಡ, ತೆಲುಗು, ತಮಿಳು ಕೈಫಿಯತ್ತುಗಳ ಬಹುಭಾಗ ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿರುವುದರಿಂದ ನಮ್ಮಂಥವರಿಗೆ ಅವು ಮನೆಯಲ್ಲೇ ಓದಲು ಸಿಗುತ್ತವೆ. ತಮ್ಮ ಸೀಮೆಯ ಕೈಫಿಯತ್ತನ್ನು ಹುಡುಕಿ ಓದುವಂತೆ ಸಂಘಕ್ಕೆ ಬರುವ ಎಲ್ಲರಿಗೂ ನಾನು ಹೇಳುತ್ತಿರುತ್ತೇನೆ.

ಇನ್ನು ನನ್ನ ನಡಾವಳಿ ಪುಸ್ತಕದ ಮಾತು. ಕಳೆದ ತಿಂಗಳು ಆ ಹಳ್ಳಿಗೆ ಮತ್ತೆ ಹೋಗಿದ್ದೆ. ಆ ತಾಯಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಾರೆ. ಅವರ ಮೊಮ್ಮಗ ಹೊಲದಲ್ಲಿದ್ದ; ಅಜ್ಜಿಯ ಪೂರ್ತಿ ಹೆಸರನ್ನೂ ಅವರು ಮದುವೆಯಾಗಿ ಬರುವ ಮುಂಚಿನ ಊರನ್ನೂ ಹೇಳಿ ಬರೆಸಿದ. ದೃಢೀಕರಿಸಿದ ನಡಾವಳಿಯನ್ನು ಕಾರ್ಯದರ್ಶಿ ತನ್ನಷ್ಟಕ್ಕೆ ತಿದ್ದುವಂತಿಲ್ಲ, ಸಭೆಯ ಒಪ್ಪಿಗೆ ಪಡೆದು ಅಂಚಿನಲ್ಲಿ ಷರಾ ಬರೆದು, ತಾರೀಖು ಹಾಕಿ, ಅಧ್ಯಕ್ಷರ ರುಜು ಪಡೆಯಬೇಕು ಎಂಬುದು ನಮ್ಮ ನಿಯಮ. ಬರುವ ಭಾನುವಾರದ ಸಭೆಯ ಸೂಚನಾಪತ್ರದಲ್ಲಿ ಅದನ್ನು ನಾಲ್ಕನೆಯ ವಿಷಯವಾಗಿ ಸೇರಿಸಿದ್ದೇನೆ. ಷರಾದ ಕರಡು ಒಂದೇ ವಾಕ್ಯದ್ದು. ಅದರಲ್ಲಿ ಆಕೆಯ ಹೆಸರು ಮೊದಲಿಗಿದೆ, ಕಲ್ಲನ್ನು ತೊಳೆದು ಬೂದಿ ಸವರಿ ಓದಲು ಅನುವು ಮಾಡಿಕೊಟ್ಟರು ಎಂದಿದೆ.